ಅಗ್ನಿಶಾಮಕ ಸಿಬ್ಬಂದಿಯ ವ್ಯಾಯಾಮ ಮತ್ತು ಹೃದಯದ ಆರೋಗ್ಯ

ಅಗ್ನಿಶಾಮಕ ಸಿಬ್ಬಂದಿಯ ಹೃದಯದ ಆರೋಗ್ಯವು ಔದ್ಯೋಗಿಕ ವೈದ್ಯಶಾಸ್ತ್ರದ ಪ್ರಮುಖ ಅಧ್ಯಯನ ವಿಷಯಗಳಲ್ಲಿ ಒಂದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕರ್ತವ್ಯನಿರತ ಅಗ್ನಿಶಾಮಕರ ಸಾವಿಗೆ ಅತಿ ಸಾಮಾನ್ಯ ಕಾರಣ ಸುಟ್ಟಗಾಯವಲ್ಲ, ಹೃದ್ರೋಗ. ಇದನ್ನು ತಗ್ಗಿಸಲು ಠಾಣೆಗಳಲ್ಲಿ ಪಾಳಿಯ ಅವಧಿಯಲ್ಲಿಯೇ ವ್ಯಾಯಾಮ ನಡೆಸುವ ಪದ್ಧತಿ ರೂಢಿಗೆ ಬಂದಿದೆ.

ಅಪಾಯದ ಸ್ವರೂಪ

1994ರಿಂದ 2004ರವರೆಗೆ ಅಲ್ಲಿ ಸಂಭವಿಸಿದ ಕರ್ತವ್ಯನಿರತ ಸಾವುಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2007ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಪ್ರಕಟವಾಯಿತು. 2001ರ ಸೆಪ್ಟೆಂಬರ್ 11ರ ದಾಳಿಗೆ ಸಂಬಂಧಿಸಿದ ಸಾವುಗಳನ್ನು ಅದರಲ್ಲಿ ಸೇರಿಸಿರಲಿಲ್ಲ. ಅದರ ಪ್ರಕಾರ ಶೇ. 39ರಷ್ಟು ಸಾವುಗಳಿಗೆ ಹೃದಯದ ರಕ್ತನಾಳಗಳ ಕಾಯಿಲೆ ಕಾರಣವಾಗಿತ್ತು. ಬೆಂಕಿ ನಂದಿಸುವ ಕೆಲಸವು ಸಿಬ್ಬಂದಿಯ ಒಟ್ಟು ಸಮಯದ ಶೇ. 1ರಿಂದ 5ರಷ್ಟು ಮಾತ್ರ; ಆದರೆ ಈ ಕಾಯಿಲೆಯಿಂದಾದ ಸಾವುಗಳಲ್ಲಿ ಶೇ. 32ರಷ್ಟು ಅದೇ ಅವಧಿಯಲ್ಲಿ ಸಂಭವಿಸಿದ್ದವು.

ಕಾರಣಗಳು

ಕರೆಗಂಟೆ ಮೊಳಗಿದೊಡನೆ, ವಿಶ್ರಾಂತಿಯಲ್ಲಿದ್ದ ದೇಹವು ಕೆಲವೇ ನಿಮಿಷಗಳಲ್ಲಿ ತೀವ್ರ ಶ್ರಮಕ್ಕೆ ಹೊರಳುತ್ತದೆ. ರಕ್ಷಣಾ ಉಡುಪು ಮತ್ತು ಉಸಿರಾಟದ ಸಾಧನಗಳ ಒಟ್ಟು ತೂಕ 20 ಕಿಲೋಗ್ರಾಂ ಮೀರಬಹುದು. ಉಡುಪು ದೇಹದ ಶಾಖವನ್ನು ಹೊರಹೋಗಲು ಬಿಡದ ಕಾರಣ ಬೆವರು ಹೆಚ್ಚಿ ರಕ್ತದ ದ್ರವಾಂಶ ಕುಗ್ಗುತ್ತದೆ, ರಕ್ತವು ಸುಲಭವಾಗಿ ಹೆಪ್ಪುಗಟ್ಟತೊಡಗುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತವು ಆಮ್ಲಜನಕವನ್ನು ಒಯ್ಯುವ ಸಾಮರ್ಥ್ಯವನ್ನು ತಗ್ಗಿಸುತ್ತದೆ. ಬೊಜ್ಜು, ಧೂಮಪಾನ ಅಥವಾ ಅಧಿಕ ರಕ್ತದೊತ್ತಡದಿಂದ ರಕ್ತನಾಳಗಳು ಮೊದಲೇ ಕಿರಿದಾಗಿದ್ದವರಿಗೆ ಈ ಒತ್ತಡ ಮಾರಕವಾಗಬಲ್ಲದು.

ವ್ಯಾಯಾಮದ ಪಾತ್ರ

ನಿಯಮಿತ ವ್ಯಾಯಾಮದಿಂದ ಹೃದಯದ ಸಾಮರ್ಥ್ಯ ಹೆಚ್ಚಿದಾಗ ಅದೇ ಕೆಲಸವು ಹೃದಯದ ಮೇಲೆ ಕಡಿಮೆ ಭಾರ ಹಾಕುತ್ತದೆ. ವಿಶ್ರಾಂತಿಯಲ್ಲಿ ವ್ಯಯವಾಗುವ ಶಕ್ತಿಯ 12 ಪಟ್ಟು ಶ್ರಮವನ್ನು ತಾಳಬಲ್ಲ ಸಾಮರ್ಥ್ಯವನ್ನು ಈ ವೃತ್ತಿಗೆ ಸಾಮಾನ್ಯವಾಗಿ ಅಪೇಕ್ಷಿತ ಮಟ್ಟವೆಂದು ಪರಿಗಣಿಸಲಾಗುತ್ತದೆ. ಇಂಡಿಯಾನಾ ರಾಜ್ಯದ 1,104 ಪುರುಷ ಅಗ್ನಿಶಾಮಕರನ್ನು ಕುರಿತು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 40ಕ್ಕಿಂತ ಹೆಚ್ಚು ಪುಷ್-ಅಪ್ ಮಾಡಬಲ್ಲವರಿಗೆ 10ಕ್ಕಿಂತ ಕಡಿಮೆ ಮಾಡುವವರಿಗಿಂತ ಮುಂದಿನ 10 ವರ್ಷಗಳಲ್ಲಿ ಹೃದ್ರೋಗದ ಅಪಾಯ ಬಹಳ ಕಡಿಮೆ ಇದ್ದುದು ಕಂಡುಬಂದಿತು. ಇದು ದೈಹಿಕ ಕ್ಷಮತೆಗೂ ಹೃದ್ರೋಗಕ್ಕೂ ಇರುವ ಸಂಬಂಧವನ್ನು ತೋರಿಸುತ್ತದೆಯೇ ಹೊರತು ಪುಷ್-ಅಪ್ ಒಂದೇ ರಕ್ಷಣೆ ನೀಡುತ್ತದೆಂದು ಸಾಧಿಸುವುದಿಲ್ಲ.

ಮುನ್ನೆಚ್ಚರಿಕೆ ಮತ್ತು ಮಿತಿಗಳು

ವ್ಯಾಯಾಮವೂ ಅಪಾಯರಹಿತವಲ್ಲ. 2007ರ ಅಧ್ಯಯನದಲ್ಲಿ ಹೃದಯದ ರಕ್ತನಾಳಗಳ ಕಾಯಿಲೆಯಿಂದಾದ ಸಾವುಗಳ ಪೈಕಿ ಸುಮಾರು 8ರಲ್ಲಿ 1 ದೈಹಿಕ ತರಬೇತಿಯ ವೇಳೆ ಸಂಭವಿಸಿತ್ತು. ಆದ್ದರಿಂದ ಮೊದಲು ವೈದ್ಯಕೀಯ ತಪಾಸಣೆ ನಡೆಸಿ, ಶ್ರಮವನ್ನು ಹಂತಹಂತವಾಗಿ ಹೆಚ್ಚಿಸುವುದು ಅಗತ್ಯ. ಯಾವ ಕ್ಷಣದಲ್ಲಾದರೂ ಕರೆ ಬರಬಹುದಾದ್ದರಿಂದ ಪಾಳಿಯಲ್ಲಿ ಬಳಲಿ ಬೀಳುವಷ್ಟು ವ್ಯಾಯಾಮ ಮಾಡುವುದು ಸೂಕ್ತವಲ್ಲ. ಅಮೆರಿಕದ ಅಗ್ನಿಶಾಮಕರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸ್ವಯಂಸೇವಕರು. ಅವರಲ್ಲಿ ಹಲವರು ಠಾಣೆಯಲ್ಲಿ ಪಾಳಿ ಕಳೆಯದೆ, ಕರೆ ಬಂದಾಗ ಮನೆಯಿಂದಲೋ ಉದ್ಯೋಗದಿಂದಲೋ ಧಾವಿಸುವುದರಿಂದ ಪಾಳಿಯ ವ್ಯಾಯಾಮದ ಪ್ರಯೋಜನ ಅವರನ್ನು ತಲಪುವುದು ಕಷ್ಟ.