ನೀರು ಬಿದ್ದ ಮೇಲೆ ಕಲ್ಲಿನ ಬಣ್ಣ

ನಮ್ಮ ಕೊಪ್ಪಳ ಸೀಮೆಯನ್ನು ಕಲ್ಲಿನ ಸೀಮೆಯೆಂದರೆ ತಪ್ಪಾಗಲಾರದು. ಗವಿಮಠದ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಬೃಹತ್ ಶಿಲಾಯುಗದ ಸಮಾಧಿಗಳಿವೆ. ಕುಷ್ಟಗಿ ಮತ್ತು ಇಳಕಲ್ಲಿನ ಕೆಂಪು ಗ್ರಾನೈಟ್ ಹೊರದೇಶಗಳಿಗೂ ಹೋಗುತ್ತದೆ. ಆದರೆ ನಮ್ಮ ಅಂಗಳ, ಪಡಸಾಲೆಗಳಲ್ಲಿ ಬಹುಮಟ್ಟಿಗೆ ಕಾಣುವುದು ಕಲಬುರಗಿ ಜಿಲ್ಲೆಯಿಂದ ಬರುವ ಶಹಾಬಾದಿ ಪರಸಿ. ಅದು ಪದರಪದರವಾಗಿ ಏಳುವ ಸುಣ್ಣಕಲ್ಲು. ಒಣಗಿದ್ದಾಗ ಅದರ ಹಾಸು ಒಂದೇ ಬೂದುಬಣ್ಣವಾಗಿ ಕಾಣುತ್ತದೆ. ಬೆಳಿಗ್ಗೆ ಅಂಗಳಕ್ಕೆ ಚಳೆ ಹೊಡೆದರೆ ಸಾಕು, ಒಂದು ಕಲ್ಲು ಕಪ್ಪಾಗುತ್ತದೆ, ಪಕ್ಕದ್ದು ಹಸಿರು ಛಾಯೆ ತಾಳುತ್ತದೆ, ಮತ್ತೊಂದು ಹಳದಿಯ ಕಡೆಗೆ ತಿರುಗುತ್ತದೆ.

ಇದು ಬರಿಯ ಕುತೂಹಲದ ಸಂಗತಿಯಲ್ಲ. ನಮ್ಮ ಓಣಿಯ ಒಂದು ಮನೆಯಲ್ಲಿ ಇದೇ ಕಾರಣದಿಂದ ಗೌಂಡಿಯ ಕೂಲಿ ನಿಂತುಹೋಗಿತ್ತು. ಬೇಸಗೆಯಲ್ಲಿ ಹಾಸಿದ ಅಂಗಳ ಮೊದಲ ಮಳೆಗೆ ಕೌದಿಯಂತೆ ತೇಪೆತೇಪೆಯಾಗಿ ಕಂಡಿತು. ಗೌಂಡಿ ನಡುನಡುವೆ ಹಗುರ ಬೆಲೆಯ ಕಲ್ಲು ಸೇರಿಸಿದ್ದಾನೆಂದು ಯಜಮಾನರು ಬಾಕಿ ಹಣವನ್ನು ತಡೆದರು. ಮಿಕ್ಕ ಕಲ್ಲುಗಳು ಹಿತ್ತಲಲ್ಲಿ ಒಟ್ಟಿದ್ದವು. “ಧಣ್ಯಾರ, ಉಳದ ಕಲ್ಲಿಗೂ ಒಂದು ಕೊಡ ನೀರು ಹಾಕಿ ನೋಡ್ರಿ” ಎಂದನು ಗೌಂಡಿ. ಹಾಕಿ ನೋಡಿದರೆ ಯಜಮಾನರೇ ಆರಿಸಿ ತಂದ ಆ ಕಲ್ಲುಗಳಲ್ಲಿಯೂ ಮೂರು ಬಣ್ಣ! ಮರುದಿನ ಅವನ ಹಣ ಸಂದಿತು. ನೀರು ಹೊಸ ಬಣ್ಣವನ್ನು ತರಲಿಲ್ಲ. ಇದ್ದ ಬಣ್ಣವನ್ನು ತೋರಿಸಿತು. ಅದು ಹೇಗೆಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ನಾವೆಲ್ಲ ಬಾಲ್ಯದಲ್ಲಿ ಪಾಟಿಯ ಮೇಲೆ ಬರೆದವರೇ. ಒದ್ದೆ ಬಟ್ಟೆಯಿಂದ ಒರಸಿದ ಪಾಟಿ ಕರ್ರಗೆ ಹೊಳೆಯುವುದು; ಒಣಗಿದೊಡನೆ ಮಾಸಲು ಬೂದಾಗುವುದು. ಪರಸಿಯ ರಹಸ್ಯವೂ ಇದೇ. ಕಲ್ಲಿನ ಮೈ ಕಣ್ಣಿಗೆ ನಯವಾಗಿ ಕಂಡರೂ ಭೂತಗನ್ನಡಿಯ ಕೆಳಗೆ ಅದು ಬೆಟ್ಟ ಕಣಿವೆಗಳ ನಾಡು. ಅಲ್ಲಿನ ಸಣ್ಣ ರಂಧ್ರಗಳಲ್ಲೆಲ್ಲ ಗಾಳಿ ತುಂಬಿರುತ್ತದೆ. ಬೆಳಕು ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುವಾಗ ಅದರ ಒಂದು ಪಾಲು ಗಡಿಯಿಂದಲೇ ಹಿಂತಿರುಗುತ್ತದೆ. ಎರಡರ ವಕ್ರೀಭವನಾಂಕಗಳ ಅಂತರ ಹೆಚ್ಚಿದಷ್ಟೂ ಹಿಂತಿರುಗುವ ಪಾಲು ಹೆಚ್ಚು. ಗಾಳಿಯ ಅಂಕ ಸುಮಾರು 1, ನೀರಿನದು 1.33, ಕಲ್ಲಿನ ಖನಿಜಗಳದು 1.5 ಅಥವಾ ಅದಕ್ಕೂ ಮೇಲೆ. ಆದ್ದರಿಂದ ಒಣಗಿದ ಕಲ್ಲಿನ ಏರುತಗ್ಗುಗಳಿಂದ ಬಹಳಷ್ಟು ಬೆಳಕು ಕಲ್ಲಿನೊಳಗೆ ಇಳಿಯದೆ ಬಿಳಿಯಾಗಿಯೇ ಎಲ್ಲ ದಿಕ್ಕಿಗೂ ಚದುರುತ್ತದೆ. ಗಾಜನ್ನು ಪುಡಿ ಮಾಡಿದರೆ ಬೆಳ್ಳಗಾಗುವುದು ಇದರಿಂದಲೇ. ಈ ಬಿಳಿಯ ಮುಸುಕು ಎಲ್ಲ ಪರಸಿಗಳ ಮೇಲೂ ಇರುವುದರಿಂದ ಅವೆಲ್ಲ ಒಂದೇ ತಾಯಿಯ ಮಕ್ಕಳಂತೆ ತೋರುತ್ತವೆ.

ನೀರು ಬಿದ್ದಾಗ ರಂಧ್ರಗಳ ಗಾಳಿ ಹೊರಬೀಳುತ್ತದೆ, ಏರುತಗ್ಗು ಮುಚ್ಚುತ್ತದೆ, ಮುಸುಕು ಸರಿಯುತ್ತದೆ. ಬೆಳಕು ಆಳಕ್ಕಿಳಿದು ಅಲ್ಲಿನ ಬಣ್ಣವನ್ನು ಹೊತ್ತು ಬರುತ್ತದೆ. ಹಾಗೆ ಹೊರಡುವ ಬೆಳಕಿನಲ್ಲಿಯೂ ಒಂದಷ್ಟು ನೀರಿನ ಪೊರೆಯ ಒಳಮೈಗೆ ತಾಗಿ ಮತ್ತೆ ಕಲ್ಲಿಗೇ ಮರಳುತ್ತದೆ. ಸ್ವೀಡನ್ನಿನ ವಿಜ್ಞಾನಿ ಆಂಡರ್ಸ್ ಆಂಗ್‌ಸ್ಟ್ರಾಂ 1925ರಲ್ಲಿ ಒದ್ದೆ ನೆಲ ಕಪ್ಪಾಗಿ ಕಾಣುವುದಕ್ಕೆ ಈ ಕಾರಣವನ್ನು ಕೊಟ್ಟನು. ಬಣ್ಣ ಗಾಢವಾದಾಗ ಭೇದವೂ ಎದ್ದು ಕಾಣುತ್ತದೆ. ಇಂಗಾಲದ ಅಂಶವಿದ್ದ ಪದರ ಕಪ್ಪು, ಕಬ್ಬಿಣದ ತುಕ್ಕಿನಂಥ ಅಂಶವಿದ್ದದ್ದು ಹಳದಿ ಅಥವಾ ಕೆಂಪು. ಒಂದೇ ಗಣಿಯಲ್ಲಿ ಒಂದರ ಕೆಳಗೊಂದಿರುವ ಪದರಗಳಲ್ಲಿಯೂ ಈ ವ್ಯತ್ಯಾಸವುಂಟು. ಬೆಳ್ಳಗಿದ್ದುದೆಲ್ಲ ಹಾಲಲ್ಲವೆಂಬಂತೆ ಬೂದಾಗಿದ್ದುದೆಲ್ಲ ಒಂದೇ ಕಲ್ಲಲ್ಲ.

ಒಣಗುವ ವೇಗದ ಮಾತೂ ಇದೆ. ಹೆಚ್ಚು ನೀರು ಹೀರುವ ಕಲ್ಲು ತಡವಾಗಿ ಒಣಗುತ್ತದೆ. ಆದುದರಿಂದ ಮಳೆ ನಿಂತ ಎಷ್ಟೋ ಹೊತ್ತಿನವರೆಗೆ ಒಂದೇ ಬಗೆಯ ಕಲ್ಲುಗಳೂ ಬೇರೆಬೇರೆಯಾಗಿ ಕಾಣಬಹುದು. ಕೆಳಗಿನ ಗಾರೆ ಒಂದೆಡೆ ಹಸಿಯಾಗಿದ್ದರೂ ಹೀಗೆಯೇ. ಇಂಥ ಕಲೆಗಳು ಬಿಸಿಲಿಗೆ ಹೋಗುತ್ತವೆ. ಒಣಗಿದ ಮೇಲೂ ಉಳಿಯುವ ಬಿಳುಪು ಉಪ್ಪಿನದು. ಕಂದು ಕಲೆ ಕಬ್ಬಿಣದ್ದು. ಅವು ಬೇರೆ ವಿಷಯ.

ಮೆರುಗು ಕೊಟ್ಟ ಕಲ್ಲಿನಲ್ಲಿ ಏರುತಗ್ಗುಗಳು ಸವೆದಿರುವುದರಿಂದ ಅದು ಒಣಗಿದ್ದರೂ ನೆನೆದಂತೆ ಗಾಢವಾಗಿರುತ್ತದೆ. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯದಲ್ಲಿ, 1112ರಲ್ಲಿ ಕಟ್ಟಿದ ಆ ಗುಡಿಯ ನುಣುಪಾದ ಕಂಬಗಳನ್ನು ನೋಡಿದರೆ ಇದು ಮನದಟ್ಟಾಗುತ್ತದೆ. ಹೊಳಪಿನ ಲೇಪ ಹಚ್ಚಿದರೂ ಪರಿಣಾಮ ಅದೇ. ಆದರೆ ಅಂಗಳದ ಬಣ್ಣಭೇದವನ್ನು ಅಡಗಿಸಲು ಅಂಥ ಲೇಪ ಹಚ್ಚುವವರು ಮಳೆಗಾಲದ ಭೇದವನ್ನು ವರ್ಷವಿಡೀ ಕಾಣುವಂತೆ ಮಾಡಿಕೊಳ್ಳುತ್ತಾರೆ.

ಆದ್ದರಿಂದ ಕಲ್ಲು ಕೊಳ್ಳುವವರು ನಾಲ್ಕಾರು ಕಡೆಯಿಂದ ಒಂದೊಂದು ಕಲ್ಲನ್ನು ಎಳೆದು, ತೋಯಿಸಿ, ಪಕ್ಕಪಕ್ಕ ಇಟ್ಟು ನೋಡಬೇಕು. ಭೇದವಿದ್ದರೆ ಬಣ್ಣವಾರು ವಿಂಗಡಿಸಬೇಕು, ಇಲ್ಲವೆ ಎಲ್ಲವನ್ನೂ ಚೆನ್ನಾಗಿ ಬೆರೆಸಿ ಹಾಸಿಸಬೇಕು. ಬೆರೆತ ಬಣ್ಣ ಕಣ್ಣಿಗೆ ಹಿತ, ಗುಂಪುಗುಂಪಾದ ಬಣ್ಣವೇ ತೇಪೆ. ಇದಕ್ಕೆ ಬೇಕಾದ ಉಪಕರಣ ಒಂದು ಕೊಡ ನೀರು ಮಾತ್ರ. ಆ ಒಂದು ಕೊಡ ನೀರನ್ನು ಉಳಿಸಿ, ಆಮೇಲೆ ಬಡವನ ಕೂಲಿಯನ್ನು ಹಿಡಿಯುವುದು ನ್ಯಾಯವೂ ಅಲ್ಲ, ವಿಜ್ಞಾನವೂ ಅಲ್ಲ.