ಸೆಟ್ಟಿಂಗ್ಸ್‌ನಿಂದ ಒಂದು ಬಟನ್ ಮಾಯವಾದರೆ ಯಾರಿಗೆ ನಷ್ಟ?

ಇಂಗ್ಲಿಷ್ ಕಲಿಸುವ ಒಂದು ಮೊಬೈಲ್ ಆ್ಯಪ್. ಅದರ ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆ ಇತ್ತು: 'ಉತ್ತರವನ್ನು ಟೈಪ್ ಮಾಡಿ'. ಒಂದು ದಿನ ಬೆಳಗ್ಗೆ ಅದು ಇಲ್ಲ. ಉತ್ತರ ಬರೆಯುವ ಜಾಗದಲ್ಲಿ ಈಗ ಪದಗಳ ಬಿಲ್ಲೆಗಳು ಮಾತ್ರ. ಬೆರಳಿನಿಂದ ಒತ್ತಿ, ಸಾಲಾಗಿ ಜೋಡಿಸಿ, ಮುಗೀತು. ಶಿಡ್ಲಘಟ್ಟದಿಂದ, ಚಿಂತಾಮಣಿಯಿಂದ ಈ ಬಗ್ಗೆ ವೀಕ್ಷಕರು ನಮಗೆ ಮೆಸೇಜ್ ಹಾಕಿದಾಗ ಡೆಸ್ಕ್‌ನಲ್ಲಿ ಒಬ್ಬರು ಕೇಳಿದರು, "ಸರ್, ಇದೂ ಒಂದು ಸುದ್ದಿನಾ?" ಸುದ್ದಿನೇ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆಯಿಂದ ಕೇಳಿ. ಆ್ಯಪ್‌ನ ಹೆಸರು ಬೇಡ. ಈ ವಾರ ಇದು, ಮುಂದಿನ ವಾರ ಇನ್ನೊಂದು.

ಮೆಸೇಜ್ ಹಾಕಿದವರಲ್ಲಿ ಶಿಡ್ಲಘಟ್ಟದ ಒಬ್ಬ ಹೆಣ್ಣುಮಗಳು ಇದ್ದಳು. ಮನೆಯಲ್ಲಿ ರೇಷ್ಮೆ ರೀಲಿಂಗ್. ಮನೆಮಾತು ತೆಲುಗು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಈಗ ಡಿಗ್ರಿ ಮುಗಿದಿದೆ. ದೇವನಹಳ್ಳಿ ಕಡೆ ಒಂದು ಕಂಪನಿಗೆ ಇಂಟರ್‌ವ್ಯೂಗೆ ಹೋಗಿದ್ದಾಳೆ. ಅಲ್ಲಿ ಕೇಳಿದ್ದು ಒಂದೇ: ಗ್ರಾಹಕರಿಗೆ ಇಂಗ್ಲಿಷಿನಲ್ಲಿ ಒಂದು ಮೇಲ್ ಬರಿ. ಕೈ ಓಡಲಿಲ್ಲ. ಊರಿಗೆ ವಾಪಸ್ ಬಂದವಳು ಒಂದು ವರ್ಷದ ಚಂದಾ ಕಟ್ಟಿ ಆ ಆ್ಯಪ್ ತಗೊಂಡಳು. ಟೈಪ್ ಮಾಡಿ ಅಭ್ಯಾಸ ಮಾಡಬಹುದು ಅನ್ನೋ ಕಾರಣಕ್ಕೇ ತಗೊಂಡಿದ್ದು. ನಾಲ್ಕು ತಿಂಗಳಾಗುವಷ್ಟರಲ್ಲಿ ಅದೇ ಆಯ್ಕೆ ಹೋಯಿತು. ಅವಳ ಪ್ರಶ್ನೆ ನೇರವಾಗಿತ್ತು: "ನಾನು ದುಡ್ಡು ಕೊಟ್ಟಿದ್ದು ಯಾವುದಕ್ಕೆ?"

ಬಿಲ್ಲೆ ಒತ್ತುವುದಕ್ಕೂ ಟೈಪ್ ಮಾಡುವುದಕ್ಕೂ ಅಂಥಾ ವ್ಯತ್ಯಾಸ ಏನಿದೆ? ಬಹಳ ಇದೆ. ಗೂಡು ನೋಡಿ "ಚೆನ್ನಾಗಿದೆ" ಅನ್ನೋದು ಬೇರೆ, ಅದೇ ಗೂಡಿನಿಂದ ಎಳೆ ತುಂಡಾಗದಂತೆ ನೂಲು ತೆಗೆಯೋದು ಬೇರೆ. ಶಿಡ್ಲಘಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಲ್ಲೆಗಳಲ್ಲಿ ಉತ್ತರ ಕಣ್ಣ ಮುಂದೆಯೇ ಇರುತ್ತದೆ. ಗುರುತು ಹಿಡಿದರೆ ಸಾಕು. ಟೈಪ್ ಮಾಡುವಾಗ ಪದವನ್ನು ತಲೆಯೊಳಗಿಂದ ಎಳೆದು ತರಬೇಕು.

ಇದು ಬರೀ ಅನಿಸಿಕೆ ಅಲ್ಲ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಪಾಠ ಕೊಟ್ಟು, ಒಮ್ಮೆ ಓದಿದ್ದನ್ನು ಮತ್ತೊಮ್ಮೆ ಓದಲು ಹೇಳಿದರು. ಇನ್ನೊಂದು ಬಾರಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದೆ. ಆದರೆ ಒಂದು ವಾರದ ನಂತರ? ಮತ್ತೆ ಓದಿದವರಿಗೆ ಸುಮಾರು ಶೇ. 42ರಷ್ಟು ನೆನಪಿತ್ತು, ನೆನಪಿನಿಂದ ಬರೆದವರಿಗೆ ಸುಮಾರು ಶೇ. 56. ಸುಲಭವಾಗಿ ಕಲಿತದ್ದು ಇವತ್ತು ಖುಷಿ ಕೊಡುತ್ತದೆ. ಕಷ್ಟಪಟ್ಟು ನೆನಪಿಸಿಕೊಂಡದ್ದು ಮುಂದಿನ ವಾರವೂ ಕೈಲಿರುತ್ತದೆ. ಆ ಹುಡುಗಿಗೆ ಬೇಕಾಗಿದ್ದು ಈ ಎರಡನೆಯದು.

ಹಾಗಾದರೆ ಕಂಪನಿಯವರು ಯಾಕೆ ತೆಗೆದರು? ನಾನು ಓದಿದ್ದು ಇಂಜಿನಿಯರಿಂಗ್, ಹಾಗಾಗಿ ಆ ಕಡೆಯ ಲೆಕ್ಕವನ್ನೂ ಹೇಳಿಬಿಡ್ತೀನಿ. ಒಂದು ಆ್ಯಪ್‌ನಲ್ಲಿ 10 ಆನ್-ಆಫ್ ಬಟನ್ ಇದ್ದರೆ ಅದು 1,024 ಬೇರೆ ಬೇರೆ ರೀತಿಯಲ್ಲಿ ನಡೆಯಬಹುದು. 20 ಬಟನ್ ಇದ್ದರೆ 10,48,576 ರೀತಿ. ಪ್ರತಿ ಬಟನ್ನೂ ಸಂಖ್ಯೆಯನ್ನು ದುಪ್ಪಟ್ಟು ಮಾಡುತ್ತಾ ಹೋಗುತ್ತದೆ. ಎಲ್ಲವನ್ನೂ ಪರೀಕ್ಷೆ ಮಾಡುವುದು ಸಾಧ್ಯವಿಲ್ಲದ ಮಾತು. ಅದಕ್ಕೇ ಇಂಜಿನಿಯರ್‌ಗಳು ಆಗಾಗ ಬಟನ್ ಕಡಿಮೆ ಮಾಡುತ್ತಾರೆ. ಯಾವುದನ್ನು ತೆಗೀತಾರೆ? ಕಡಿಮೆ ಜನ ಮುಟ್ಟುವುದನ್ನು. ನಮ್ಮಲ್ಲಿ ಹೆಚ್ಚಿನವರು ಸೆಟ್ಟಿಂಗ್ಸ್ ಒಳಗೆ ಹೋಗುವುದೇ ಇಲ್ಲ, ಕಂಪನಿ ಕೊಟ್ಟ ಹಾಗೇ ಬಳಸುತ್ತೇವೆ.

ಇನ್ನೊಂದು ಕಾರಣ, ಟೈಪ್ ಮಾಡಿದ ಉತ್ತರವನ್ನು ತಿದ್ದುವುದು ಕಷ್ಟ. "ನಾನು ಊಟ ಮಾಡಿದೆ" ಅನ್ನೋದನ್ನು ಇಂಗ್ಲಿಷಿಗೆ ತಿರುಗಿಸಿ ಅಂದರೆ ಒಬ್ಬರು 'ಐ ಏಟ್' ಅಂತಾರೆ, ಇನ್ನೊಬ್ಬರು 'ಐ ಹ್ಯಾಡ್ ಮೈ ಲಂಚ್' ಅಂತಾರೆ. ಎಲ್ಲಾ ಸರಿ. ಕನ್ನಡದಲ್ಲಿ ಉತ್ತರ ಕೊಡಬೇಕಾದರೆ ಇನ್ನೂ ಗೋಜಲು. 'ನಾನು ಪೇಟೆಗೆ ಹೋಗುತ್ತೇನೆ', 'ಪೇಟೆಗೆ ನಾನು ಹೋಗ್ತೀನಿ' ಎರಡೂ ಸರಿ. ಅದೂ ಸಾಲದು ಅಂತ, 'ಹೋ' ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಬಿಡಿಬಿಡಿ ಚಿಹ್ನೆಗಳಾಗಿ ಒಡೆದೂ ಇಡಬಹುದು. ನಮ್ಮ ಕಣ್ಣಿಗೆ ಒಂದೇ 'ಹೋ'. ಪ್ರೋಗ್ರಾಂ ಬರೆದವರು ಎರಡನ್ನೂ ಒಂದೇ ರೂಪಕ್ಕೆ ತರದಿದ್ದರೆ ಕಂಪ್ಯೂಟರ್‌ಗೆ ಅವು ಬೇರೆ ಬೇರೆ. ಸರಿ ಉತ್ತರಕ್ಕೂ 'ತಪ್ಪು' ಅಂತ ಕೆಂಪು ಗೆರೆ ಬೀಳುತ್ತದೆ. ಬಿಲ್ಲೆ ಕೊಟ್ಟರೆ ಈ ತಲೆನೋವೇ ಇಲ್ಲ.

ಮೂರನೆಯದು ವ್ಯಾಪಾರ. ಟೈಪ್ ಮಾಡಿದರೆ ತಪ್ಪು ಜಾಸ್ತಿ. ತಪ್ಪು ಜಾಸ್ತಿಯಾದರೆ ಜನ ಬೇಜಾರಾಗಿ ಆ್ಯಪ್ ಮುಚ್ಚುತ್ತಾರೆ. ದಿನಾ ಎಷ್ಟು ಜನ ಬಂದರು, ಎಷ್ಟು ಪಾಠ ಮುಗಿಸಿದರು ಅನ್ನೋದು ಕಂಪನಿಯ ಕಣ್ಣಿಗೆ ಕಾಣುವ ಅಂಕಿ. ಒಂದು ತಿಂಗಳಾದ ಮೇಲೆ ಎಷ್ಟು ಜನ ಒಂದು ಮೇಲ್ ಬರೆಯಬಲ್ಲರು ಅನ್ನೋದು ಆ ಪರದೆಯಲ್ಲಿ ಕಾಣುವುದಿಲ್ಲ. ಸಮಸ್ಯೆಯ ಬೇರು ಇಲ್ಲೇ ಇದೆ. ಆ ಬಟನ್ ಬಳಸುತ್ತಿದ್ದವರು ಕಡಿಮೆ ಇರಬಹುದು. ಆದರೆ ನಿಜವಾಗಿ ಕಲಿಯಬೇಕು ಅಂತ ಕೂತವರು ಅವರೇ.

ಚಿಂತಾಮಣಿಯ ಇನ್ನೊಬ್ಬರ ಪ್ರಶ್ನೆ: "ಗೌರಿಬಿದನೂರಿನಲ್ಲಿರುವ ನನ್ನ ಫ್ರೆಂಡ್ ಫೋನ್‌ನಲ್ಲಿ ಆ ಬಟನ್ ಇನ್ನೂ ಇದೆ, ನನ್ನದರಲ್ಲಿಲ್ಲ. ನಾನು ಅಪ್‌ಡೇಟ್ ಕೂಡ ಮಾಡಿಲ್ಲ!" ಇದರಲ್ಲಿ ಮಾಯಮಂತ್ರ ಏನಿಲ್ಲ. ಎಷ್ಟೋ ಬಟನ್‌ಗಳ ಕೀಲಿ ಕಂಪನಿಯ ಸರ್ವರ್‌ನಲ್ಲಿರುತ್ತದೆ, ಅಲ್ಲಿಂದಲೇ ತೋರಿಸಬಹುದು, ಅಡಗಿಸಬಹುದು. ಬಳಕೆದಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಳೆಯದು, ಇನ್ನೊಂದಕ್ಕೆ ಹೊಸದು ಕೊಟ್ಟು ನೋಡುವುದಕ್ಕೆ 'ಎ-ಬಿ ಟೆಸ್ಟ್' ಅನ್ನುತ್ತಾರೆ. ಅಂದರೆ ನೀವು ಗ್ರಾಹಕರೂ ಹೌದು, ಪ್ರಯೋಗದ ವಸ್ತುವೂ ಹೌದು.

ಇಂಥ ಸಿಟ್ಟು ನಮ್ಮ ಜಿಲ್ಲೆಗಷ್ಟೇ ಸೀಮಿತ ಅಲ್ಲ. ಭಾಷೆ ಕಲಿಸುವ ಆ್ಯಪ್‌ಗಳಲ್ಲಿ ಬಹಳ ಹೆಸರು ಮಾಡಿದ ಡ್ಯುಯೊಲಿಂಗೊ 2022ರಲ್ಲಿ ತನ್ನ ಹಳೆಯ 'ಮರ'ದ ವಿನ್ಯಾಸ ತೆಗೆದು, ಒಂದಾದ ಮೇಲೆ ಒಂದು ಪಾಠ ಬರುವ 'ದಾರಿ'ಯ ವಿನ್ಯಾಸ ತಂದಿತು. ಬೇಕಾದ ಪಾಠ ಆರಿಸಿಕೊಳ್ಳುವ ಸ್ವಾತಂತ್ರ್ಯ ಹೋಯಿತು ಅಂತ ಹಳೆಯ ಬಳಕೆದಾರರು ರೊಚ್ಚಿಗೆದ್ದರು. ಮರ ವಾಪಸ್ ಬರಲಿಲ್ಲ. ಕಂಪನಿಯ ದಿನನಿತ್ಯದ ಬಳಕೆದಾರರು 2022ರ ಕೊನೆಯ ತ್ರೈಮಾಸಿಕದಲ್ಲಿ 1.63 ಕೋಟಿ ಇದ್ದವರು ಒಂದು ವರ್ಷದಲ್ಲಿ 2.69 ಕೋಟಿ ಆದರು. ಇನ್ನೊಂದು ಕಡೆ, ಮೈಕ್ರೋಸಾಫ್ಟ್ 2012ರಲ್ಲಿ ವಿಂಡೋಸ್ 8ರಿಂದ ಸ್ಟಾರ್ಟ್ ಬಟನ್ ತೆಗೆದು, ಜನರ ಗಲಾಟೆಗೆ ಮಣಿದು 2013ರಲ್ಲಿ 8.1ರಲ್ಲಿ ವಾಪಸ್ ತಂದಿತು. ಕೂಗಿದ ಕೂಡಲೇ ಎಲ್ಲವೂ ಸಿಗುವುದಿಲ್ಲ. ಆದರೆ ಕೂಗದೇ ಇದ್ದರೆ ಏನೂ ಸಿಗುವುದಿಲ್ಲ.

ಗಡಿ ಜಿಲ್ಲೆಗೆ ಇದು ಯಾಕೆ ಜಾಸ್ತಿ ತಟ್ಟುತ್ತದೆ? ಇಲ್ಲಿನವರಿಗೆ ಭಾಷೆ ಕಲಿಯುವುದು ಹೊಸದಲ್ಲ. ಕೈವಾರದ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಹಾಡಿದವರು. ಮನೆಯಲ್ಲೊಂದು, ಶಾಲೆಯಲ್ಲೊಂದು, ಸಂತೆಯಲ್ಲಿ ಮತ್ತೊಂದು ಭಾಷೆ ಕಿವಿಯ ಮೇಲೆ ಬಿದ್ದೇ ಬರುತ್ತದೆ. ಇಂಗ್ಲಿಷ್ ಹಾಗಲ್ಲ. ಅದನ್ನು ಜೊತೆಗೆ ಕೂತು ಮಾತಾಡುವವರು ಮನೆಯಲ್ಲಿ ಇಲ್ಲ, ಕೋಚಿಂಗ್‌ಗೆ ಬೆಂಗಳೂರಿಗೆ ಓಡಾಡಲು ಎಲ್ಲರಿಗೂ ಆಗುವುದಿಲ್ಲ. ಇಂಥವರಿಗೆ ಫೋನೇ ಮೇಷ್ಟ್ರು. ಮೇಷ್ಟ್ರು ಹೇಳದೆ ಕೇಳದೆ ಪಾಠ ಬದಲಾಯಿಸಿದರೆ ಕೇಳುವವರು ಯಾರು?

ಕೇಳಲು ದಾರಿ ಇದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್‌ನಲ್ಲಿ ಸೇವೆ ಮಾರುವ ಕಂಪನಿಗೆ ದೂರು ಅಧಿಕಾರಿ ಇರಬೇಕು. 48 ಗಂಟೆಯೊಳಗೆ ದೂರು ಬಂದಿದೆ ಅಂತ ಹೇಳಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. 'ವೈಶಿಷ್ಟ್ಯಗಳು ಬದಲಾಗಬಹುದು' ಅಂತ ಷರತ್ತಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಹಾಗಾಗಿ ಗೆದ್ದೇ ಗೆಲ್ತೀರಿ ಅಂತ ನಾನು ಹೇಳಲ್ಲ. ಆದರೆ ದುಡ್ಡು ಕಟ್ಟಿದ ರಸೀದಿ, ಹಳೆಯ ಬಟನ್ನಿನ ಸ್ಕ್ರೀನ್‌ಶಾಟ್, ಜಾಹೀರಾತಿನಲ್ಲಿ ಕೊಟ್ಟ ಭರವಸೆ ಇವಿಷ್ಟು ಇಟ್ಟುಕೊಂಡು, ಉಳಿದ ತಿಂಗಳ ಹಣ ವಾಪಸ್ ಕೇಳಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಒಂದು ಎಚ್ಚರಿಕೆ: ಹಳೆಯ ಆ್ಯಪ್ ಸಿಗುತ್ತೆ ಅಂತ ಯಾರೋ ಕಳಿಸಿದ ಲಿಂಕ್ ಒತ್ತಬೇಡಿ. ಬಟನ್ ಸಿಗದಿದ್ದರೂ ಪರವಾಗಿಲ್ಲ, ಬ್ಯಾಂಕ್ ಖಾತೆ ಖಾಲಿಯಾಗಬಾರದು.

ಅಲ್ಲಿಯವರೆಗೆ? ಒಂದು ನೋಟ್‌ಬುಕ್ ತಗೊಳ್ಳಿ. ಪ್ರಶ್ನೆ ಬಂದ ಕೂಡಲೇ ಬಿಲ್ಲೆಗಳನ್ನು ಅಂಗೈಯಿಂದ ಮುಚ್ಚಿ, ಉತ್ತರ ಮೊದಲು ಬರೆಯಿರಿ, ಆಮೇಲೆ ಒತ್ತಿ. ವಾರದ ಕೊನೆಗೆ ಅದೇ ವಾಕ್ಯಗಳನ್ನು ನೋಡದೆ ಮತ್ತೆ ಬರೆಯಿರಿ. ಶಿಡ್ಲಘಟ್ಟದ ಆ ಹುಡುಗಿಗೂ ನಾನು ಹೇಳಿದ್ದು ಇದನ್ನೇ.

ಕಂಪನಿಯವರಿಗೂ ಒಂದು ಮಾತು. ಬಟನ್ ತೆಗೆಯುವುದು ನಿಮ್ಮ ಹಕ್ಕು ಇರಬಹುದು. ಆದರೆ ತಿಂಗಳ ಮುಂಚೆ ತಿಳಿಸಿ. ಯಾಕೆ ತೆಗೀತಿದ್ದೀವಿ ಅಂತ ಎರಡು ಸಾಲು ಕನ್ನಡದಲ್ಲಿ ಬರೆಯಿರಿ. ದುಡ್ಡು ಕಟ್ಟಿದವರಿಗೆ ಅವಧಿ ಮುಗಿಯುವ ತನಕ ಅದನ್ನು ಉಳಿಸಿ. ಕಲಿಯಲು ಬಂದವರನ್ನು ಬರೀ ಅಂಕಿಯಾಗಿ ಎಣಿಸಬೇಡಿ.