ಕರಣಿ ನಾಯಿಯೂ ಪಟ್ಟೆತಲೆ ಹೆಬ್ಬಾತೂ

ಹಿಂಗಾರಿಯ ಕಡಲೆ ಮೊಳೆತು ನಾಲ್ಕೆಲೆ ಬಿಡುವ ಹೊತ್ತಿಗೇ ನಮ್ಮ ಸೀಮೆಯ ಕೆರೆಗಳಿಗೆ ಉತ್ತರದ ಅತಿಥಿಗಳು ಬಂದಿಳಿಯುತ್ತಾರೆ. ಹಗಲೆಲ್ಲ ನೀರಿನಲ್ಲೂ ದಂಡೆಯಲ್ಲೂ ಕುಳಿತಿದ್ದು, ಹೊತ್ತು ಮುಳುಗಿದ ಮೇಲೆ ಸಾಲುಗಟ್ಟಿ ಹೊಲಗಳತ್ತ ಹಾರುತ್ತಾರೆ. ಬೆಳಗಾಗ ಹೋಗಿ ನೋಡಿದರೆ ಸಾಲಿನಲ್ಲಿ ಅಲ್ಲಲ್ಲಿ ಕಡಲೆಯ ಕುಡಿ ಇಲ್ಲ. ನೆಲದ ಮೇಲೆ ಹಸಿರು ಹಿಕ್ಕೆ, ಮೂರು ಬೆರಳಿನ ಜಾಲಪಾದದ ಗುರುತು. ಒಕ್ಕಲಿಗನ ಹೊಟ್ಟೆ ಉರಿಯುವುದು ಸಹಜವೇ. ಮನೆಯ ಮುಂದೆ ಕರಣಿ ನಾಯಿ ಕಟ್ಟಿದ್ದರಂತೂ, "ಒಂದು ರಾತ್ರಿ ಇದನ್ನು ಬಿಟ್ಟರೆ ಸಾಕು, ಮತ್ತೆ ಈ ಕಡೆ ಹಾಯುವುದಿಲ್ಲ" ಎಂಬ ಮಾತು ಬಾಯಿಗೆ ಬಂದೇ ಬರುತ್ತದೆ.

ಹೀಗೆ ನಾಯಿ ಬಿಡುವುದರಿಂದ ಬೆಳೆ ಉಳಿಯುವುದೇ? ನಾಯಿಗೆ ಅದರಿಂದ ಒಳಿತೇ? ಈ ಎರಡು ಪ್ರಶ್ನೆಗಳನ್ನು ನಾವು ಇಂದು ಸಮಾಧಾನದಿಂದ ವಿಚಾರ ಮಾಡೋಣ.

ಅತಿಥಿಯ ಪರಿಚಯ

ನಮ್ಮಲ್ಲಿಗೆ ಬರುವ ಈ ಹಕ್ಕಿಗೆ ಪಟ್ಟೆತಲೆ ಹೆಬ್ಬಾತು ಎಂದು ಹೆಸರು. ಬೂದು ಮೈ, ಬಿಳಿಯ ತಲೆ, ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು. ತೂಕ ಎರಡರಿಂದ ಮೂರು ಕಿಲೋ. ಮಂಗೋಲಿಯ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳು ಇದರ ತವರು. ಚಳಿಗಾಲ ಕಳೆಯಲು ಹಿಮಾಲಯವನ್ನು ದಾಟಿ ಭಾರತಕ್ಕೆ ಬರುತ್ತದೆ. ಬೆನ್ನಿಗೆ ಸಣ್ಣ ಯಂತ್ರ ಕಟ್ಟಿ ಅಳೆದಾಗ 7,000 ಮೀಟರಿಗೂ ಮೇಲೆ ಹಾರಿದ್ದು ಕಂಡುಬಂದಿದೆ. ಅಷ್ಟು ತೆಳುವಾದ ಗಾಳಿಯಲ್ಲಿಯೂ ಪ್ರಾಣವಾಯುವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಅದರ ರಕ್ತಕ್ಕಿದೆ.

ಗದಗ ಜಿಲ್ಲೆಯ ಮಾಗಡಿ ಕೆರೆಯು ದಕ್ಷಿಣದಲ್ಲಿ ಇವುಗಳ ಬಹು ದೊಡ್ಡ ಬೀಡು. ಮಳೆಯ ನೀರು ನಿಲ್ಲಿಸಿ ಹೊಲಗಳಿಗೆ ಹಾಯಿಸಲೆಂದು ಮನುಷ್ಯರೇ ಕಟ್ಟಿದ ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಸೊಲ್ಲಾಪುರದ ಕಡೆಯವರಿಗೆ ಭೀಮೆಯ ಉಜನಿ ಹಿನ್ನೀರಿನಲ್ಲಿ, ಮೈಸೂರು ಸೀಮೆಯವರಿಗೆ ನಂಜನಗೂಡಿನ ಹತ್ತಿರದ ಹದಿನಾರು ಕೆರೆಯಲ್ಲಿ ಇವೇ ಹಕ್ಕಿಗಳು ಕಾಣಸಿಗುತ್ತವೆ. ಮಂಗೋಲಿಯದಲ್ಲಿ ಕೊರಳಿಗೆ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ನವೆಂಬರ್, ಡಿಸೆಂಬರಿಗೆ ಬಂದವು ಮಾರ್ಚಿನ ಹೊತ್ತಿಗೆ ಹೊರಟು ನಿಲ್ಲುತ್ತವೆ. ಹೋಗುವ ದಾರಿಗೆ ಬೇಕಾದ ಕೊಬ್ಬನ್ನು ಇಲ್ಲಿಯ ಹುಲ್ಲು, ಕಾಳು, ಕುಡಿಗಳಿಂದಲೇ ಕೂಡಿಸಿಕೊಳ್ಳಬೇಕು. ಆದ್ದರಿಂದ ಅವು ನಮ್ಮ ಹೊಲಕ್ಕೆ ಬರುವುದು ಹಟದಿಂದಲ್ಲ, ಹೊಟ್ಟೆಪಾಡಿಗಾಗಿ.

ನಮ್ಮ ನಾಯಿ

ಇನ್ನು ಕರಣಿ. ಮುಧೋಳ ನಾಯಿಯೆಂದು ನಾಡಿಗೆಲ್ಲ ಹೆಸರಾದ ಈ ತಳಿಯನ್ನು ಗಡಿಯಾಚೆಯ ಮರಾಠಿ ಬಂಧುಗಳು ಕಾರವಾನ ಎಂದು ಕರೆಯುತ್ತಾರೆ. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗೆ ಅಂಟಿದ ಹೊಟ್ಟೆ, ಬಿಲ್ಲಿನಂತೆ ಬಾಗುವ ಸೊಂಟ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಗೆ ಆಶ್ರಯ ಕೊಟ್ಟು, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೊತೆ ಕಾಣಿಕೆಯಾಗಿ ಕೊಟ್ಟರೆಂಬುದು ಪ್ರಸಿದ್ಧ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. 2016ರಲ್ಲಿ ಸೇನೆಯವರು ಮರಿಗಳನ್ನು ಮೀರತಿಗೆ ಒಯ್ದು ತರಬೇತಿ ಕೊಟ್ಟರು.

ಈ ನಾಯಿಯ ಕೆಲಸವೆಲ್ಲ ಕಣ್ಣಿನಿಂದ. ಕಂಡ ಪ್ರಾಣಿಯನ್ನು ಬೆನ್ನಟ್ಟುವುದು ಅದರ ಹುಟ್ಟುಗುಣ; ಮೊಲವನ್ನು ಬೆನ್ನಟ್ಟಲೆಂದೇ ಮೈ ಹಾಗೆ ರೂಪುಗೊಂಡಿದೆ. ಮೊಲ ನೆಲದ ಮೇಲೆಯೇ ಓಡಬೇಕು. ಹೆಬ್ಬಾತಿಗೆ ರೆಕ್ಕೆ ಇದೆ. ಇಡೀ ಮಾತಿನ ತಿರುಳು ಇಲ್ಲಿಯೇ ಇದೆ.

ಓಟದ ಲೆಕ್ಕ

ನಾಯಿ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುತ್ತದೆಂದೇ ಹಿಡಿಯೋಣ. ಸೆಕೆಂಡಿಗೆ ಸುಮಾರು 14 ಮೀಟರ್ ಆಯಿತು. ನೂರು ಮೀಟರ್ ದೂರದ ಹಿಂಡನ್ನು ಮುಟ್ಟಲು ಏಳು ಸೆಕೆಂಡು ಬೇಕು. ಹೆಬ್ಬಾತಿಗೆ ನೆಲ ಬಿಡಲು ಅದರಲ್ಲಿ ಅರ್ಧವೂ ಬೇಡ. ಅಲ್ಲದೆ ಅದು ಮರೆಯಿರುವ ಕಡೆ ಇಳಿಯುವುದೇ ಇಲ್ಲ. ನಾಲ್ಕೂ ದಿಕ್ಕು ಕಾಣುವ ಬಯಲು ಹೊಲವನ್ನೇ ಆರಿಸುತ್ತದೆ. ಹಿಂಡು ಮೇಯುವಾಗ ಕೆಲವು ಹಕ್ಕಿಗಳು ಕತ್ತೆತ್ತಿ ಕಾವಲು ನಿಂತಿರುತ್ತವೆ. ಒಂದು ಕೂಗು ಹಾಕಿದರೆ ಸಾಕು, ಹಿಂಡಿಗೆ ಹಿಂಡೇ ಎದ್ದು ಹೋಗುತ್ತದೆ.

ಎದ್ದು ಹೋದದ್ದು ಎಲ್ಲಿಗೆ ಹೋಯಿತು? ಪಕ್ಕದವನ ಹೊಲಕ್ಕೆ. ಅಲ್ಲಿಯೂ ನಾಯಿ ಬಿಟ್ಟರೆ ಮತ್ತೆ ನಮ್ಮ ಹೊಲಕ್ಕೆ. ಕುಳಿತ ಹಕ್ಕಿಗಿಂತ ಹಾರುವ ಹಕ್ಕಿ ಹಲವು ಪಟ್ಟು ಶಕ್ತಿ ವ್ಯಯಿಸುತ್ತದೆ. ಹಾರಿಸಿದಷ್ಟೂ ಅದರ ಹಸಿವು ಹೆಚ್ಚು, ಹಸಿವು ಹೆಚ್ಚಿದಷ್ಟೂ ಮೇಯುವುದು ಹೆಚ್ಚು. ಒಬ್ಬ ಉಳಿಸಿಕೊಂಡ ಕುಡಿಯನ್ನು ಊರು ಎರಡರಷ್ಟು ತೆರಬೇಕಾದೀತು.

ಇತ್ತ ನಾಯಿಯ ಪಾಡೇನು? ಎರೆ ಹೊಲದ ಬಿರುಕು, ಕತ್ತಲೆಯಲ್ಲಿ ಕಾಣದ ತಂತಿಬೇಲಿ, ಕಟ್ಟೆಯಿಲ್ಲದ ಬಾವಿ. ಮೇಲೆ ನೋಡುತ್ತ ಓಡುವ ನಾಯಿಗೆ ಇವು ಯಾವುವೂ ಕಾಣವು. ಬೆಳೆದ ಕಡಲೆಯಲ್ಲಿ ನಾಯಿಯೂ ಅದರ ಹಿಂದೆ ಬ್ಯಾಟರಿ ಹಿಡಿದ ನಾಲ್ಕು ಜನರೂ ಓಡಿದರೆ ಮುರಿಯುವ ಗಿಡಗಳನ್ನು ಎಣಿಸಿ ನೋಡಿ. ಹೆಬ್ಬಾತು ತಿಂದದ್ದಕ್ಕಿಂತ ಕಡಿಮೆ ಇರಲಾರದು.

ಹೊರನಾಡಿನ ಅನುಭವ

ಇಂಗ್ಲೆಂಡು, ಐರ್ಲೆಂಡುಗಳ ಹಳ್ಳಿಗಳಲ್ಲಿ ಲರ್ಚರ್ ಎಂಬ ನಾಯಿ ಇದೆ. ಗ್ರೇಹೌಂಡಿನಂಥ ಓಟದ ನಾಯಿಗೆ ಕುರಿ ಕಾಯುವ ಕೋಲಿಯನ್ನೋ ಟೆರಿಯರನ್ನೋ ಕೂಡಿಸಿ ಪಡೆದ ಬೆರಕೆ. ಓಟಕ್ಕೆ ಓಟವೂ ಬುದ್ಧಿಗೆ ಬುದ್ಧಿಯೂ ಇರಲೆಂದು ಬಡವರು ಬೆಳೆಸಿಕೊಂಡದ್ದು. ಸದ್ದಿಲ್ಲದೆ ಮೊಲ ಹಿಡಿದು ತರುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ನಮ್ಮ ಕರಣಿಗೆ ಅದು ದೂರದ ದಾಯಾದಿ ಎನ್ನಬಹುದು. ಅಲ್ಲಿಯೂ ಚಳಿಗಾಲಕ್ಕೆ ಐಸ್‌ಲೆಂಡ್, ಗ್ರೀನ್‌ಲೆಂಡುಗಳಿಂದ ಗುಲಾಬಿಗಾಲಿನ ಕಾಡುಹೆಬ್ಬಾತುಗಳು ಸಾವಿರ ಸಾವಿರವಾಗಿ ಬಂದು ಹೊಲಕ್ಕಿಳಿಯುತ್ತವೆ. ಲರ್ಚರನ್ನು ಕಂಡರೆ ಏಳುತ್ತವೆ, ಒಂದು ಸುತ್ತು ಹಾಕುತ್ತವೆ, ಬೇರೆ ಹೊಲದಲ್ಲಿ ಇಳಿಯುತ್ತವೆ. ಮೊಲಕ್ಕೆ ಯಮನಾದ ನಾಯಿ ಹೆಬ್ಬಾತಿಗೆ ಬರೀ ಬೆದರುಬೊಂಬೆ.

ಅಲ್ಲಿಯ ನಾರ್ಫೋಕ್ ಪ್ರಾಂತದ ರೈತರು ಕಂಡುಕೊಂಡ ಉಪಾಯ ಬೇರೆ. ಆ ಸೀಮೆಯಲ್ಲಿ ಸಕ್ಕರೆ ಬೀಟ್ ಬೆಳೆ ಹೆಚ್ಚು. ಗಡ್ಡೆ ಕಿತ್ತ ಮೇಲೆ ಸೊಪ್ಪು, ತುಂಡುಗಳು ಹೊಲದಲ್ಲಿಯೇ ಉಳಿಯುತ್ತವೆ. ಆ ಹೊಲವನ್ನು ಕೂಡಲೇ ಉಳದೆ ಕೆಲವು ದಿನ ಹಾಗೆಯೇ ಬಿಟ್ಟರೆ ಹೆಬ್ಬಾತುಗಳು ಉಳಿಕೆಯನ್ನು ಮೇಯುತ್ತ ಅಲ್ಲಿಯೇ ನಿಲ್ಲುತ್ತವೆ. ಹತ್ತಿರದ ಎಳೆಯ ಗೋದಿಯ ತಂಟೆಗೆ ಬರುವುದು ಕಡಿಮೆ. ಹೆದರಿಸಿ ಅಟ್ಟುವುದಕ್ಕಿಂತ ಬೇರೆಡೆ ಉಣ್ಣಲು ಬಿಡುವುದು ಅಗ್ಗವೆಂದು ಅವರು ಮನಗಂಡರು.

ನಾಯಿ ಗೆಲ್ಲುವ ಒಂದು ಜಾಗವೂ ಉಂಟು. ಅದು ಲಡಾಖಿನ ಚಾಂಗ್ತಾಂಗ್ ಸೀಮೆ. ಹೆಬ್ಬಾತುಗಳು ಅಲ್ಲಿ ನೆಲದ ಮೇಲೆ ಗೂಡು ಮಾಡುತ್ತವೆ. ಬೇಸಿಗೆಯಲ್ಲಿ ಹಳೆಯ ರೆಕ್ಕೆಗರಿಗಳನ್ನು ಒಟ್ಟಿಗೆ ಉದುರಿಸಿ ಕೆಲವು ವಾರ ಹಾರಲಾರದೆ ಇರುತ್ತವೆ. ಮರಿಗಳಿಗಂತೂ ರೆಕ್ಕೆಯೇ ಬಲಿತಿರುವುದಿಲ್ಲ. ಶಿಬಿರಗಳ ಮತ್ತು ಪ್ರವಾಸಿಗರ ಎಂಜಲು ತಿಂದು ಹೆಚ್ಚಿದ ಬೀದಿನಾಯಿಗಳು ಅಲ್ಲಿಯ ಕಪ್ಪುಕೊರಳ ಕೊಕ್ಕರೆ, ಹೆಬ್ಬಾತು ಮೊದಲಾದವುಗಳ ಮೊಟ್ಟೆಮರಿಗಳಿಗೆ ಕಂಟಕವಾಗಿವೆ. ಹಾರಬಲ್ಲ ಹೆಬ್ಬಾತಿಗೆ ನಾಯಿಯ ಅಂಜಿಕೆ ಇಲ್ಲ. ಹಾರಲಾರದ್ದಕ್ಕೆ ಮಾತ್ರ ಅದು ಮೃತ್ಯು.

ನಾಯಿಗೆ ಸಿಗುವ ಹಕ್ಕಿ ಯಾವುದು?

ಈ ಮಾತನ್ನು ನಮ್ಮ ಹೊಲಕ್ಕೆ ತಂದು ನೋಡೋಣ. ಡಿಸೆಂಬರಿನಲ್ಲಿ ನಮ್ಮ ಕೆರೆಯ ಹತ್ತಿರ ಕರಣಿಯ ಬಾಯಿಗೆ ಒಂದು ಹೆಬ್ಬಾತು ಸಿಕ್ಕಿತೆಂದರೆ ಆ ಹಕ್ಕಿ ಹಾರಲಾರದ ಸ್ಥಿತಿಯಲ್ಲಿತ್ತೆಂದೇ ಅರ್ಥ. ತಂತಿಗೆ ಬಡಿದು ರೆಕ್ಕೆ ಮುರಿದಿರಬಹುದು, ವಿಷ ಹಚ್ಚಿದ ಬೀಜ ತಿಂದಿರಬಹುದು, ಇಲ್ಲವೆ ರೋಗ ಹಿಡಿದಿರಬಹುದು. ಕೊನೆಯ ಎರಡರಲ್ಲಿ ಯಾವುದಿದ್ದರೂ ನಾಯಿಗೆ ಗಂಡಾಂತರ.

ಹಕ್ಕಿಜ್ವರದ ಕಥೆಯನ್ನು ನೆನೆಯಿರಿ. 2005ರಲ್ಲಿ ಚೀನದ ಚಿಂಗ್‌ಹಾಯ್ ಸರೋವರದಲ್ಲಿ ಆರು ಸಾವಿರಕ್ಕೂ ಹೆಚ್ಚು ಕಾಡುಹಕ್ಕಿಗಳು ಸತ್ತವು. ಅವುಗಳಲ್ಲಿ ಹೆಚ್ಚಿನವು ಇದೇ ಪಟ್ಟೆತಲೆ ಹೆಬ್ಬಾತುಗಳು. 2021ರ ಜನವರಿಯಲ್ಲಿ ಹಿಮಾಚಲದ ಪೋಂಗ್ ಜಲಾಶಯದಲ್ಲಿ ಇದೇ ರೋಗ ಕಾಣಿಸಿತು, ಸಾವಿರಾರು ಹಕ್ಕಿಗಳು ಸತ್ತವು, ಅಲ್ಲಿಯೂ ಇವೇ ಹೆಚ್ಚು. ಈ ರೋಗ ನಾಯಿಗೆ ತಗಲುವುದೇ ಎಂದರೆ, ತಗಲಿದ ನಿದರ್ಶನಗಳಿವೆ. 2004ರಲ್ಲಿ ಥಾಯ್ಲೆಂಡಿನಲ್ಲಿ ರೋಗದಿಂದ ಸತ್ತ ಬಾತು ತಿಂದ ನಾಯಿಯೊಂದು ಸತ್ತಿತು. 2023ರಲ್ಲಿ ಕೆನಡಾದ ಆಂಟೇರಿಯೋ ಪ್ರಾಂತದಲ್ಲಿ ಸತ್ತ ಕಾಡುಹೆಬ್ಬಾತನ್ನು ಕಚ್ಚಿ ಅಗಿದ ಸಾಕುನಾಯಿಯೊಂದು ಇದೇ ಜ್ವರದಿಂದ ಸತ್ತಿತು. ನಾಯಿಗಳಿಗೆ ಇದು ಮೇಲಿಂದ ಮೇಲೆ ಬರುವ ಬೇನೆಯಲ್ಲ, ನಿಜ. ಆದರೆ ನಾಯಿ ಆ ಹಕ್ಕಿಯನ್ನು ಕಚ್ಚಿಕೊಂಡು ಬರುವುದು ಎಲ್ಲಿಗೆ? ಕೋಳಿಗಳಿರುವ, ಮಕ್ಕಳು ಆಡುವ ನಮ್ಮ ಅಂಗಳಕ್ಕೆ. ಕೋಳಿಗಳಲ್ಲಿ ಇದು ಹೊಕ್ಕರೆ ಊರಿನ ಗೂಡುಗಳೆಲ್ಲ ಬರಿದಾಗುತ್ತವೆ.

ಹೀಗೆ ಗಟ್ಟಿ ಹಕ್ಕಿ ನಾಯಿಗೆ ಸಿಗದು. ಸಿಕ್ಕ ಹಕ್ಕಿ ನಾಯಿಗೆ ಸಲ್ಲದು. ಬೇಟೆಯಿಂದ ಬರುವ ಲಾಭ ಇಷ್ಟೇ.

ಕಾನೂನಿನ ಮಾತು

1972ರ ವನ್ಯಜೀವಿ ರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಗುಂಡು ಹೊಡೆದು ಕೊಲ್ಲುವುದಷ್ಟೇ ಅಲ್ಲ. ಬಲೆ, ಉರುಲು, ವಿಷ ಇಡುವುದು, ನಾಯಿ ಬಿಟ್ಟು ಬೆನ್ನಟ್ಟಿಸುವುದು, ಅಂಥ ಪ್ರಯತ್ನ ಮಾಡುವುದು ಇವೆಲ್ಲ ಬೇಟೆಯೇ. ಹಕ್ಕಿ ಸಾಯದಿದ್ದರೂ ಅಪರಾಧ ಅಪರಾಧವೇ. ಇದು ಕೇಂದ್ರದ ಕಾಯ್ದೆಯಾದ್ದರಿಂದ ಗಡಿಕಲ್ಲಿನ ಆಚೆಗೊಂದು ಈಚೆಗೊಂದು ನ್ಯಾಯವಿಲ್ಲ. ಜತ್ತಿನಲ್ಲಿ ಬಿಟ್ಟ ನಾಯಿಗೂ ವಿಜಯಪುರದಲ್ಲಿ ಬಿಟ್ಟ ನಾಯಿಗೂ ಒಂದೇ ಕಟ್ಟಳೆ. ಜಾತ್ರೆಯ ಸಂಭ್ರಮದಲ್ಲಿ ಪಂದ್ಯ ಕಟ್ಟುವ ಹುಡುಗರಿಗೆ ಹಿರಿಯರು ಈ ಮಾತನ್ನು ಮುಂಚೆಯೇ ತಿಳಿಸಿ ಹೇಳುವುದು ಲೇಸು.

ಹಾಗಾದರೆ ಮಾಡುವುದೇನು?

ಮೊದಲಿಗೆ, ಹಾನಿ ಎಷ್ಟೆಂದು ಹಗಲಿನಲ್ಲಿ ಸಾಲು ಹಿಡಿದು ನೋಡಬೇಕು. ಕಡಲೆಗೆ ಒಂದು ತಿಂಗಳಾದಾಗ ನಾವೇ ಕುಡಿ ಚಿವುಟುತ್ತೇವೆ, ಚಿವುಟಿದರೆ ಕವಲೊಡೆಯುತ್ತದೆ. ಹೆಬ್ಬಾತು ತುದಿ ಕಡಿದ ಗಿಡ ಅನೇಕ ವೇಳೆ ಚೇತರಿಸಿಕೊಳ್ಳುತ್ತದೆ. ಬುಡಸಹಿತ ಕಿತ್ತ ಸಸಿ ಬಾರದು. ಯಾವುದು ಎಷ್ಟು ಎಂದು ಎಣಿಸಿದರೆ ಸಿಟ್ಟಿಗೂ ಒಂದು ಅಳತೆ ಬರುತ್ತದೆ.

ಎರಡನೆಯದಾಗಿ, ಎಳೆಯ ಬೆಳೆಯಿರುವ ಮೊದಲ ಮೂವತ್ತು ನಲವತ್ತು ದಿನ ಕಾವಲು ಬಿಗಿಯಾಗಿರಲಿ. ಕಂದೀಲು, ಗೂಟಕ್ಕೆ ಕಟ್ಟಿ ಗಾಳಿಗೆ ಹೊಳೆಯುವ ಪಟ್ಟಿ, ಮನುಷ್ಯನ ಕೆಮ್ಮು ಕೂಗು ಇವು ಸಾಕು. ಜಾಗ ಬದಲಿಸುತ್ತಿರಬೇಕು, ಒಂದೇ ಬೆದರುಬೊಂಬೆಗೆ ಹೆಬ್ಬಾತು ಬೇಗ ರೂಢಿಯಾಗುತ್ತದೆ. ಕರಣಿಯೂ ಕಾವಲಿಗೆ ಬರಲಿ, ಆದರೆ ಹಗ್ಗದಲ್ಲಿ. ಗುಡಿಸಲ ಬಳಿ ಕಟ್ಟಿದ ನಾಯಿಯ ಆಕಾರವೇ ಹಿಂಡು ಇಳಿಯದಂತೆ ಮಾಡಲು ಬೇಕಾದಷ್ಟು.

ಮೂರನೆಯದಾಗಿ, ಕೆರೆಯ ಸುತ್ತಿನ ರೈತರು ಕೂಡಿ ಮಾತಾಡಿಕೊಳ್ಳಬೇಕು. ಶೇಂಗಾ ಕಿತ್ತ ಮೇಲೆ ಹಿಂಗಾರಿ ಬಿತ್ತದೆ ಉಳಿಯುವ ಹೊಲ ಕೆರೆಯ ಹತ್ತಿರ ಇದ್ದರೆ, ಬಡವರು ಹಕ್ಕಲು ಆಯ್ದುಕೊಂಡ ಬಳಿಕ ಅದನ್ನು ಫೆಬ್ರುವರಿಯವರೆಗೆ ಉಳದೆ ಬಿಡಬಹುದು. ಮಣ್ಣಿನಲ್ಲಿ ಉಳಿದ ಕಾಯಿ, ಅಲ್ಲಿ ಎದ್ದ ಹುಲ್ಲು ಹಕ್ಕಿಗೆ ಆಹಾರ. ಹಕ್ಕಿಯ ಹಿಕ್ಕೆ ನೆಲಕ್ಕೆ ಗೊಬ್ಬರ. ಅಲ್ಲಿ ಮೇಯುತ್ತಿರುವ ಹಿಂಡನ್ನು ಯಾರೂ ಎಬ್ಬಿಸಬಾರದು. ಎಲ್ಲ ಕಡೆಯಿಂದಲೂ ಅಟ್ಟಿದ ಹಿಂಡು ಎಲ್ಲರ ಹೊಲಕ್ಕೂ ಬರುತ್ತದೆ. ಒಂದು ಕಡೆ ನೆಮ್ಮದಿ ಸಿಕ್ಕ ಹಿಂಡು ಅಲ್ಲಿಯೇ ಇರುತ್ತದೆ.

ನಾಲ್ಕನೆಯದಾಗಿ, ಸತ್ತ ಅಥವಾ ತೂಕಡಿಸುವ ಹೆಬ್ಬಾತು ಕಂಡರೆ ಕೈಯಿಂದ ಮುಟ್ಟದೆ, ನಾಯಿಯನ್ನು ಹತ್ತಿರ ಬಿಡದೆ, ಪಶುವೈದ್ಯರಿಗೂ ಅರಣ್ಯದವರಿಗೂ ಸುದ್ದಿ ಮುಟ್ಟಿಸಬೇಕು. ನಾಯಿ ಆಗಲೇ ಬಾಯಿ ಹಾಕಿದ್ದರೆ ಅದನ್ನು ಕೋಳಿಗಳಿಂದ ದೂರ ಕಟ್ಟಿ, ಜ್ವರ, ಏದುಸಿರು ಕಂಡ ಕೂಡಲೆ ವೈದ್ಯರನ್ನು ಕರೆಯಬೇಕು.

ಕರಣಿ ನಮ್ಮ ನಾಡಿನ ಹೆಮ್ಮೆ. ಅದರ ಕಾಲಿಗೆ ತಕ್ಕ ಬಯಲು, ತಕ್ಕ ಓಟ ಕೊಡುವುದು ಸಾಕಿದವರ ಧರ್ಮ. ಹಗಲಿನಲ್ಲಿ, ಕೊಯ್ದ ಹೊಲದಲ್ಲಿ, ಬಾವಿ ತಂತಿಗಳಿಲ್ಲದ ಕಡೆ ಅದನ್ನು ಮನಸಾರೆ ಓಡಿಸೋಣ. ಹೆಬ್ಬಾತುಗಳ ಬಗ್ಗೆ ಅವಸರ ಬೇಡ. ಕಡಲೆ ಕಾಯಿಗಟ್ಟಿ ಹುಳಿ ಏರುವ ಹೊತ್ತಿಗೆ ಅವುಗಳಿಗೂ ಊರಿನ ನೆನಪಾಗಿರುತ್ತದೆ. ಮಾರ್ಚಿನೊಳಗೆ ಹೇಳದೆ ಕೇಳದೆ ಹೊರಟುಹೋಗುತ್ತವೆ. ಅಲ್ಲಿಯವರೆಗೆ ಕಾಯಬೇಕಾದದ್ದು ನಾವು, ಓಡಬೇಕಾದದ್ದು ನಾಯಿಯಲ್ಲ.